ಕ್ರಾಸ್ (ಪಂಕ್ ತಂಡ)
ಇಂಗ್ಲೆಂಡಿನ ಅರಾಜಕತಾವಾದಿ ಪಂಕ್ ಸಂಗೀತ ತಂಡ (1977–84). ಎಸೆಕ್ಸ್‌ನ ಎಪ್ಪಿಂಗ್ ಬಳಿಯ ಡಯಲ್ ಹೌಸ್ ಎಂಬ ಹಳೆಯ ತೋಟದ ಮನೆಯಲ್ಲಿ ಪೆನ್ನಿ ರಿಂಬೊ ಮತ್ತು ಸ್ಟೀವ್ ಇಗ್ನೊರಂಟ್ ಇದನ್ನು ಕಟ್ಟಿದರು. ಯುದ್ಧ, ಅಣ್ವಸ್ತ್ರಗಳನ್ನು ವಿರೋಧಿಸಿ ಶಾಂತಿವಾದವನ್ನು ಸಾರಿದ ಈ ತಂಡದ ಹೊರವೇಷ ಮಾತ್ರ ಬೆಚ್ಚಿಬೀಳಿಸುವಂಥದು: ಮೈತುಂಬ ಕಪ್ಪು ಬಟ್ಟೆ, ಅರಚುವ ಗಾಯನ, ಕವಾಯತಿನಂತೆ ಬಡಿಯುವ ಡ್ರಮ್. ಡೇವ್ ಕಿಂಗ್ ರಚಿಸಿದ ಲಾಂಛನದಲ್ಲಿ ಶಿಲುಬೆ, ಸ್ವಸ್ತಿಕ, ಬ್ರಿಟಿಷ್ ಬಾವುಟದ ಛಾಯೆಗಳು ಬೆರೆತಿವೆ. ಸುತ್ತಲೂ ಎರಡು ತಲೆಯ ಹಾವು. ಗುರಿ ಅಧಿಕಾರದ ಟೀಕೆಯೇ ಆದರೂ ಇವರನ್ನು ಫ್ಯಾಸಿಸ್ಟರೆಂದು ತಿಳಿದವರುಂಟು. ತಪ್ಪು ಪೂರ್ತಿ ನೋಡುಗರದೇ ಎನ್ನುವಂತಿಲ್ಲ. ತಂಡದ ಕಲಾವಿದೆ ಜೀ ವೌಚರ್ ರೆಕಾರ್ಡುಗಳಿಗೆ ರಚಿಸಿದ ಕಪ್ಪುಬಿಳುಪು ಹೊದಿಕೆಚಿತ್ರಗಳಲ್ಲಿ ಹಲವು ಫೋಟೊ ಕತ್ತರಿಸಿ ಅಂಟಿಸಿದಂತೆ ಕಂಡರೂ ಕುಂಚದಿಂದ ಬಿಡಿಸಿದವು. ಅಂಗಡಿಯವರು ಹೆಚ್ಚು ಕೀಳದಿರಲೆಂದು ತಂಡದವರು ರೆಕಾರ್ಡಿನ ಗರಿಷ್ಠ ಬೆಲೆಯನ್ನೂ ಹೊದಿಕೆಯ ಮೇಲೆಯೇ ಅಚ್ಚು ಹಾಕಿಸುತ್ತಿದ್ದರು.