ಅಳಿಸಿ ಬರೆದ ಲೆಕ್ಕಗಳು

ಲೆಕ್ಕವಿಡುವ ಸಾಧನವನ್ನು ಬದಲಿಸಬೇಕೆ, ಹಳೆಯದರಲ್ಲಿಯೇ ನಡೆಯಬೇಕೆ ಎಂಬ ಚಿಂತೆಯು ನಮ್ಮ ವರ್ತಕರಿಗೆ ಗಣಕಯಂತ್ರದೊಡನೆ ಬಂದುದಲ್ಲ. ಕಾಗದವು ಗಲ್ಲಾಪೆಟ್ಟಿಗೆಯ ಬಳಿಗೆ ಬರುವುದಕ್ಕೆ ಬಹುಪೂರ್ವದಿಂದಲೂ ಕನ್ನಡ ನಾಡಿನ ಸಾಹುಕಾರರೂ ಶಾನುಭೋಗರೂ ಮಠಗಳ ಪಾರುಪತ್ಯಗಾರರೂ ಆಶ್ರಯಿಸಿದ್ದುದು ಕಡತವನ್ನು. ಹುಣಿಸೆಬೀಜದ ಸರಿಯಲ್ಲಿ ಇದ್ದಿಲ ಪುಡಿಯನ್ನು ಕಲಸಿ ಹತ್ತಿಬಟ್ಟೆಯ ಎರಡು ಮಗ್ಗುಲಿಗೂ ಬಳಿದು, ಚೆನ್ನಾಗಿ ಒಣಗಿದ ಮೇಲೆ ಅದನ್ನು ಕತ್ತರಿಸದೆ ಸಮನಾದ ಮಡಿಕೆಗಳಾಗಿ ಮಡಿಸಿ, ಎರಡು ತುದಿಗೂ ಬಣ್ಣದ ಮರದ ಹಲಗೆಗಳನ್ನು ಕೂಡಿಸಿದರೆ ಕಡತ ಸಿದ್ಧವಾಗುತ್ತಿತ್ತು. ಆ ಕಪ್ಪು ಮೈಯ ಮೇಲೆ ಬಿಳಿಯ ಬಳಪದಿಂದ ಬರೆಯುತ್ತಿದ್ದರು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ಚರಿತ್ರಗ್ರಂಥದಲ್ಲಿ ಇದರ ಅಗಲವು 8 ಅಂಗುಲದಿಂದ 1 ಅಡಿಯವರೆಗೂ ಉದ್ದವು 12ರಿಂದ 18 ಅಡಿಯವರೆಗೂ ಇರುವುದೆಂದು ವಿವರಿಸಿ, ಅಂಗಡಿಕಾರರು ಇನ್ನೂ ಇದರಲ್ಲಿಯೇ ಲೆಕ್ಕವಿಡುವರೆಂದು ಹೇಳಿದ್ದಾನೆ.

ಕಡತದ ದೊಡ್ಡ ಗುಣವೂ ದೊಡ್ಡ ಕೊರತೆಯೂ ಒಂದೇ: ಬರೆದುದನ್ನು ಒರೆಸಬಹುದು, ಮತ್ತೆ ಕಪ್ಪು ಬಳಿದು ಹೊಸದಾಗಿ ಬರೆಯಬಹುದು. ಆದರೂ ಶೃಂಗೇರಿ ಮಠದ ಕಡತಗಳು ಇಂದಿಗೂ ಚರಿತ್ರಕಾರರಿಗೆ ವಿಶ್ವಸನೀಯ ಆಕರಗಳಾಗಿ ಉಳಿದಿವೆ. ಅಳಿಸಲು ಬರುವ ಬರಹಕ್ಕೆ ಪ್ರಾಮಾಣ್ಯವನ್ನು ತಂದುಕೊಟ್ಟುದು ಬರೆದವರ ನಿಷ್ಠೆ ಮತ್ತು ಕಾಪಾಡಿದವರ ಶ್ರದ್ಧೆಯೆಂದೇ ನಾನು ತಿಳಿದಿದ್ದೇನೆ.

ಕಾಗದದ ಕಿರ್ದಿ-ಖಾತೆಗಳ ಕಾಲದಲ್ಲಿ ಪುಸ್ತಕವನ್ನು ಬದಲಿಸುವುದಕ್ಕೆ ಒಂದು ಮುಹೂರ್ತವೇ ಇದ್ದಿತು. ದೀಪಾವಳಿಯಲ್ಲಿ ಲಕ್ಷ್ಮಿಯನ್ನು ಪೂಜಿಸಿ, ಹಿಂದಿನ ವರ್ಷದ ಶಿಲ್ಕನ್ನೂ ಬಾಕಿಗಳನ್ನೂ ಹೊಸ ಖಾತೆಗೆ ಎತ್ತಿ ಬರೆದು, ಹಳೆಯ ಪುಸ್ತಕವನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿಡುತ್ತಿದ್ದರು. ಪುಸ್ತಕ ಹೊಸದಾದರೂ ಗಣನೆಯ ಕ್ರಮ ಹಳೆಯದೇ. ಆ ಕ್ರಮವೇ ಅಲುಗಿದುದು 1957ರ ಏಪ್ರಿಲ್ 1ರಂದು. ಅಲ್ಲಿಯವರೆಗೆ 16 ಆಣೆಗೆ, ಅಂದರೆ 192 ಪೈಗೆ, ಒಂದಾಗಿದ್ದ ರೂಪಾಯಿಯು ಅಂದಿನಿಂದ 100 ನಯೇಪೈಸೆಯಾಯಿತು. ಆಣೆಪೈಗಳಲ್ಲಿ ಬಾಯಿಲೆಕ್ಕ ಮಾಡಿ ಪಳಗಿದ ಗುಮಾಸ್ತನಿಗೆ ಇದು ಕಾಗದದ ಬದಲಾವಣೆಗಿಂತ ಕಠಿಣವಾದುದು. ಏಕೆಂದರೆ ಇಲ್ಲಿ ಬದಲಾಗಬೇಕಾದುದು ಅವನ ಬುದ್ಧಿಯಲ್ಲಿ ನೆಲೆಸಿದ್ದ ಮಗ್ಗಿ.

1986ರಲ್ಲಿ ಬೆಂಗಳೂರಿನಲ್ಲಿ ಶ್ಯಾಮಸುಂದರ ಗೋಯೆಂಕಾ ಅವರು ತಮ್ಮ ವ್ಯಾಪಾರಕ್ಕೆ ತಕ್ಕ ಲೆಕ್ಕದ ತಂತ್ರಾಂಶ ದೊರೆಯದೆ, ಗಣಿತವನ್ನು ಓದಿದ್ದ ಮಗ ಭರತ ಗೋಯೆಂಕಾ ಅವರಿಗೆ ಒಂದನ್ನು ರಚಿಸಲು ಹೇಳಿದರು. ಅದೇ ಮುಂದೆ ಟ್ಯಾಲಿಯಾಯಿತು. ಡಾಸ್‌ನಿಂದ ವಿಂಡೋಸ್‌ಗೆ, 2009ರಲ್ಲಿ ಇಆರ್‌ಪಿ 9ಕ್ಕೆ, 2020ರಲ್ಲಿ ಪ್ರೈಮ್‌ಗೆ ಅದು ಸಾಗಿದಂತೆಲ್ಲ ಹಳೆಯ ಪ್ರಶ್ನೆಯು ಮತ್ತೆ ಮತ್ತೆ ಎದ್ದಿತು. ಕೈಗೆ ಪಳಗಿದ ಕೀಲಿಗಳನ್ನು ಬಿಡಲೊಲ್ಲದ ಗುಮಾಸ್ತನ ಹಿಂಜರಿಕೆಯನ್ನು ಆಲಸ್ಯವೆಂದು ಕಡೆಗಣಿಸುವುದು ಅನ್ಯಾಯ. ವರ್ಷಗಳ ಬಾಕಿಗಳೆಲ್ಲವೂ ಅವನ ಹೊಣೆಯಲ್ಲಿರುತ್ತವೆ. ಆದರೆ 2017ರ ಜುಲೈ 1ರಿಂದ ಜಿಎಸ್‌ಟಿ ಜಾರಿಗೆ ಬಂದ ಮೇಲೆ, ಹಳೆಯ ಆವೃತ್ತಿಯಲ್ಲಿ ಬಿಲ್ಲನ್ನೂ ಎಕ್ಸೆಲ್ ಹಾಳೆಯಲ್ಲಿ ತೆರಿಗೆಯ ವಿವರವನ್ನೂ ಬೇರೆಬೇರೆಯಾಗಿ ಇಡುವುದು ಒಂದೇ ಲೆಕ್ಕವನ್ನು ಎರಡು ಬಾರಿ ಬರೆದು ಎರಡು ಕಡೆ ತಪ್ಪುವುದಕ್ಕೆ ದಾರಿಯಾಯಿತು.

ಇದಕ್ಕಿಂತ ಗಹನವಾದ ಕಾರಣವು 2023ರ ಏಪ್ರಿಲ್ 1ರಂದು ಒದಗಿತು. ಲೆಕ್ಕಕ್ಕೆ ತಂತ್ರಾಂಶವನ್ನು ಬಳಸುವ ಕಂಪನಿಗಳು, ಪ್ರತಿಯೊಂದು ತಿದ್ದುಪಡಿಯನ್ನೂ ಅದರ ದಿನಾಂಕದೊಡನೆ ದಾಖಲಿಸುವ, ಆ ದಾಖಲೆಯನ್ನು ನಿಲ್ಲಿಸಲಾಗದ ತಂತ್ರಾಂಶವನ್ನೇ ಬಳಸಬೇಕೆಂಬ ನಿಯಮವು ಅಂದಿನಿಂದ ಜಾರಿಗೆ ಬಂದಿತು. ಕಡತದ ಕಾಲದಲ್ಲಿ ಬರೆಯುವವನ ಅಂತಃಕರಣಕ್ಕೆ ಬಿಟ್ಟಿದ್ದುದನ್ನು ಈಗ ಯಂತ್ರಕ್ಕೆ ವಹಿಸಲಾಯಿತು. ನೋಟ ಹೊಸದೆಂಬ ಕಾರಣಕ್ಕೆ, ಮಾರುವವನು ಅವಸರಪಡಿಸಿದನೆಂಬ ಕಾರಣಕ್ಕೆ, ನಡೆಯುತ್ತಿರುವ ಲೆಕ್ಕವನ್ನು ಕದಲಿಸುವುದನ್ನು ನಾನು ಒಪ್ಪಲಾರೆ. ಕೇಳಿದಾಗ ಸಾಕ್ಷಿ ನುಡಿಯಲಾರದ ಸಾಧನವನ್ನಾದರೋ ಒಂದು ದಿನವೂ ಇಟ್ಟುಕೊಳ್ಳಲಾಗದು.

ಬದಲಿಸುವವರು ಮಾರ್ಚ್ 31ರ ಶಿಲ್ಕು, ಗಿರಾಕಿವಾರು ಬಾಕಿ, ದಾಸ್ತಾನು ಇವನ್ನು ಹಳೆಯದರಿಂದಲೂ ಹೊಸದರಿಂದಲೂ ಮುದ್ರಿಸಿ, ಇಬ್ಬರು ಎದುರುಬದುರು ಕುಳಿತು ಒಬ್ಬರು ಓದಿ ಮತ್ತೊಬ್ಬರು ಗುರುತು ಹಾಕುತ್ತ ತಾಳೆ ನೋಡುವುದು ಅವಶ್ಯ. ಕಂಪನಿ ಕಾಯಿದೆಯು ಲೆಕ್ಕಪುಸ್ತಕಗಳನ್ನು 8 ಆರ್ಥಿಕ ವರ್ಷಗಳವರೆಗೆ ಕಾಪಾಡಬೇಕೆಂದು ವಿಧಿಸಿರುವುದರಿಂದ, ಹಳೆಯ ತಂತ್ರಾಂಶವು ತೆರೆಯುವ ಒಂದು ಗಣಕವನ್ನು ಅಲ್ಲಿಯವರೆಗೆ ಸುಸ್ಥಿತಿಯಲ್ಲಿ ಇರಿಸಿಕೊಳ್ಳತಕ್ಕದ್ದು.