ಹೆಡ್‌ಫೋನ್‌ನಲ್ಲಿ ಶಾಸ್ತ್ರೀಯ ಸಂಗೀತ: ಬೆಲೆಗಿಂತ ಧ್ವನಿಮುದ್ರಣವೇ ಮುಖ್ಯ

ಶಿವಮೊಗ್ಗ: ನಗರದ ಗಾಂಧಿ ಬಜಾರ್‌ನಂಥ ಜನದಟ್ಟಣೆಯ ಬೀದಿಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಚಿತ್ರಗೀತೆ ಕೇಳುವುದು ಸುಲಭ. ರಾಗಾಲಾಪನೆಯನ್ನಾಗಲಿ, ಪಾಶ್ಚಾತ್ಯ ವಾದ್ಯವೃಂದವನ್ನಾಗಲಿ ಅಲ್ಲಿ ಆಲಿಸುವುದು ಕಷ್ಟ. ಇಂದಿನ ಚಿತ್ರಗೀತೆಗಳ ಧ್ವನಿ ಬಹುಪಾಲು ಒಂದೇ ಮಟ್ಟದಲ್ಲಿರುತ್ತದೆ. ವಾದ್ಯವೃಂದದ ಕೃತಿಯಲ್ಲಾದರೋ ಪಿಸುಮಾತಿನಷ್ಟು ಮೆಲುವಾದ ಭಾಗದ ಬೆನ್ನಿಗೇ ಹತ್ತಾರು ವಾದ್ಯಗಳ ಅಬ್ಬರ ಬರಬಹುದು. ದುಬಾರಿ ಹೆಡ್‌ಫೋನ್‌ಗೆ ಸಾವಿರಾರು ರೂಪಾಯಿ ತೆರುವ ಮುನ್ನ ಈ ವ್ಯತ್ಯಾಸವನ್ನು ಅರಿತಿರುವುದು ಒಳಿತು.

ತೆರೆದದ್ದು, ಮುಚ್ಚಿದ್ದು

ಉನ್ನತ ದರ್ಜೆಯ ಹೆಡ್‌ಫೋನ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಹಿಂಬದಿ ಮುಚ್ಚಿದವು ಹೊರಗಿನ ಸದ್ದನ್ನು ತಕ್ಕಮಟ್ಟಿಗೆ ತಡೆಯುತ್ತವೆ. ಹಿಂಬದಿಯಲ್ಲಿ ಜಾಲರಿಯಿರುವ ತೆರೆದ ಬಗೆಯವು ಹೊರಗಿನ ಸದ್ದನ್ನು ಒಳಬಿಡುತ್ತವೆ, ಒಳಗಿನ ಸಂಗೀತವನ್ನು ಹೊರಬಿಡುತ್ತವೆ. ಆದ್ದರಿಂದ ಬಜಾರಿಗೂ ಬಸ್ಸಿಗೂ ಇವು ಒಗ್ಗುವುದಿಲ್ಲ. ಆದರೆ ನಿಶ್ಶಬ್ದವಾದ ಕೋಣೆಯಲ್ಲಿ ಧ್ವನಿ ಹೆಚ್ಚು ಸಹಜವಾಗಿ, ವಿಶಾಲವಾಗಿ ಕೇಳಿಸುವುದರಿಂದ ಶಾಸ್ತ್ರೀಯ ಸಂಗೀತಪ್ರಿಯರು ಇವನ್ನೇ ಮೆಚ್ಚುತ್ತಾರೆ.

ಜರ್ಮನಿಯ ಸೆನ್‌ಹೈಸರ್ ಸಂಸ್ಥೆ 1997ರಲ್ಲಿ ಹೊರತಂದ ಎಚ್‌ಡಿ 600, 2003ರ ಎಚ್‌ಡಿ 650 ಹಾಗೂ 2009ರ ಎಚ್‌ಡಿ 800 ಈ ತೆರೆದ ವರ್ಗದ ಪ್ರಸಿದ್ಧ ಮಾದರಿಗಳು. ಮೂರರ ವಿದ್ಯುತ್ ಪ್ರತಿರೋಧವೂ 300 ಓಮ್. ಸಾಮಾನ್ಯ ಮೊಬೈಲ್ ಫೋನ್‌ನ ಶಕ್ತಿ ಇವಕ್ಕೆ ಅನೇಕ ವೇಳೆ ಸಾಲದು. ಪ್ರತ್ಯೇಕ ಆಂಪ್ಲಿಫೈಯರ್‌ನ ವೆಚ್ಚವನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಆಲಿಕೆಯ ಅನುಭವ

ಎಚ್‌ಡಿ 600ರಲ್ಲಿ ಗಾಯಕರ ಕಂಠ ಮತ್ತು ಪಿಟೀಲು ಸಹಜವಾಗಿ ಕೇಳುತ್ತವೆ ಎಂಬುದು ಕೇಳುಗರ ಸಾಮಾನ್ಯ ಅಭಿಪ್ರಾಯ. ಎಚ್‌ಡಿ 650ರ ನಾದ ಇನ್ನಷ್ಟು ಮೃದು. ಇವೆರಡರಲ್ಲೂ ಅತಿ ತಗ್ಗಿನ ಮಂದ್ರ ಧ್ವನಿ ಸ್ವಲ್ಪ ಕ್ಷೀಣ. ಎಚ್‌ಡಿ 800 ವಾದ್ಯವೃಂದದ ವೇದಿಕೆಯನ್ನು ವಿಶಾಲವಾಗಿ ತೆರೆದಿಡುತ್ತದೆ, ಆದರೆ ಅದರ ತಾರಧ್ವನಿ ಹರಿತವೆಂದು ಹಲವರಿಗೆ ಅನಿಸಿದೆ.

ಪರೀಕ್ಷಿಸುವ ವಿಧಾನ ಸರಳ. ತಂಬೂರಿಯ ಝೇಂಕಾರ ಗಾಯನದ ನಡುವೆಯೂ ಎಳೆಯಾಗಿ ಉಳಿಯುತ್ತದೆಯೇ? ವೀಣೆಯ ತಂತಿಯನ್ನು ಎಳೆದು ನುಡಿಸಿದಾಗ ಸ್ವರ ಮೆಟ್ಟಿಲಿನ ಮೇಲೆ ಜಾರುವುದು ತಿಳಿಯುತ್ತದೆಯೇ? ಮೃದಂಗದ ಎಡಮುಖದ ನಾದ ಬಲಮುಖದಿಂದ ಬೇರೆಯಾಗಿ ಕೇಳುತ್ತದೆಯೇ? ಇವನ್ನು ಗಮನಿಸಬೇಕು.

ಒಂದು ಮಿತಿ ಎಲ್ಲ ಹೆಡ್‌ಫೋನ್‌ಗಳಿಗೂ ಇದೆ. ಸ್ಪೀಕರ್‌ನಲ್ಲಿ ಎರಡೂ ಬದಿಯ ಧ್ವನಿ ಎರಡೂ ಕಿವಿಗೆ ತಲುಪುತ್ತದೆ. ಹೆಡ್‌ಫೋನ್‌ನಲ್ಲಿ ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ ಮಾತ್ರ. ಹೀಗಾಗಿ ಕಛೇರಿ ಎದುರಿಗೆ ನಡೆಯುತ್ತಿರುವಂತೆ ತೋರದೆ ತಲೆಯೊಳಗೇ ನಡೆದಂತೆ ಭಾಸವಾಗುತ್ತದೆ.

ಮೈಸೂರು ಮಹಾರಾಜರ ನಂಟು

ಹೆಡ್‌ಫೋನ್ ಎಷ್ಟೇ ಉತ್ತಮವಾಗಿದ್ದರೂ ಮುದ್ರಣದಲ್ಲಿ ಇಲ್ಲದ್ದನ್ನು ಕೇಳಿಸಲಾರದು. ಇದಕ್ಕೆ ಕನ್ನಡನಾಡಿಗೇ ಸಂಬಂಧಿಸಿದ ನಿದರ್ಶನವೊಂದಿದೆ. ರಿಚರ್ಡ್ ಸ್ಟ್ರಾಸ್ ಅವರ 'ಫೋರ್ ಲಾಸ್ಟ್ ಸಾಂಗ್ಸ್' ಕೃತಿಯ ಪ್ರಥಮ ಪ್ರದರ್ಶನ 1950ರ ಮೇ 22ರಂದು ಲಂಡನ್‌ನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನಡೆಯಿತು. ಕರ್ಸ್ಟನ್ ಫ್ಲಾಗ್‌ಸ್ಟಾಡ್ ಹಾಡಿದರು. ವಿಲ್‌ಹೆಲ್ಮ್ ಫುರ್ಟ್‌ವೆಂಗ್ಲರ್ ಫಿಲ್‌ಹಾರ್ಮೋನಿಯಾ ವಾದ್ಯವೃಂದವನ್ನು ನಿರ್ದೇಶಿಸಿದರು. ಈ ಪ್ರದರ್ಶನಕ್ಕೆ ಹಣದ ಭರವಸೆ ನೀಡಿದವರು ಮೈಸೂರಿನ ಜಯಚಾಮರಾಜ ಒಡೆಯರ್. ಪಾಶ್ಚಾತ್ಯ ಸಂಗೀತದ ಬೃಹತ್ ಧ್ವನಿಮುದ್ರಿಕೆ ಸಂಗ್ರಹ ಹೊಂದಿದ್ದ ಅವರು, ರಷ್ಯದ ಸಂಗೀತಕಾರ ನಿಕೊಲಾಯ್ ಮೆಡ್ನರ್ ಅವರ ಕೃತಿಗಳ ಮುದ್ರಣಕ್ಕೂ ನೆರವಾಗಿದ್ದರು.

ಲಂಡನ್‌ನ ಆ ಪ್ರದರ್ಶನದ ಮುದ್ರಣ ಉಳಿದಿದೆಯಾದರೂ ಅದರ ತುಂಬ ಗೊರಗೊರ ಸದ್ದಿದೆ. ಉತ್ತಮ ಹೆಡ್‌ಫೋನ್‌ನಲ್ಲಿ ಕಂಠದೊಂದಿಗೆ ಆ ಸದ್ದೂ ಸ್ಪಷ್ಟವಾಗಿ ಕೇಳುತ್ತದೆ. ಹಳೆಯ 78 ಆರ್‌ಪಿಎಂ ತಟ್ಟೆಗಳಿಂದ ಇಳಿಸಿಕೊಂಡ ಕರ್ನಾಟಕ ಸಂಗೀತಕ್ಕೂ ಇದೇ ಮಾತು ಅನ್ವಯ. ಅಂಥ ಮುದ್ರಣಗಳನ್ನೇ ಹೆಚ್ಚಾಗಿ ಕೇಳುವವರಿಗೆ ತಾರಧ್ವನಿ ಹರಿತವಾದ ಹೆಡ್‌ಫೋನ್‌ಗಿಂತ ಮೃದು ನಾದದ ಹೆಡ್‌ಫೋನ್ ಹೆಚ್ಚು ಹಿತ.

ಕಿವಿಯ ಎಚ್ಚರ

ಬೀದಿಯ ಸದ್ದಿನಲ್ಲಿ ಮೆಲುವಾದ ಭಾಗ ಕೇಳದೆ ಧ್ವನಿ ಏರಿಸಿದರೆ, ಮುಂದೆ ಬರುವ ಅಬ್ಬರ ಕಿವಿಗೆ ನೇರವಾಗಿ ಬಡಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ ವಯಸ್ಕರು 80 ಡೆಸಿಬಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬಲ್‌ಗೆ ಏರಿದರೆ ಸುರಕ್ಷಿತ ಅವಧಿ ವಾರಕ್ಕೆ ಕೇವಲ 4 ಗಂಟೆ. ಹಾನಿಗೊಂಡ ಒಳಕಿವಿಯ ಸೂಕ್ಷ್ಮ ಜೀವಕೋಶಗಳು ಮತ್ತೆ ಬೆಳೆಯುವುದಿಲ್ಲ.

ಕೊಳ್ಳುವವರು ತಮಗೆ ಚೆನ್ನಾಗಿ ಪರಿಚಯವಿರುವ ಎರಡು ಮೂರು ಮುದ್ರಣಗಳನ್ನು ಒಯ್ದು, ಒಂದೇ ಧ್ವನಿಮಟ್ಟದಲ್ಲಿ ಹೋಲಿಸಿ ನೋಡುವುದು ಸೂಕ್ತ. ಹೆಚ್ಚು ಜೋರಾಗಿ ನುಡಿಯುವ ಹೆಡ್‌ಫೋನ್ ಮೊದಲ ಆಲಿಕೆಯಲ್ಲಿ ಉತ್ತಮವೆನಿಸುವುದು ಸಹಜ. ಅರ್ಧ ಗಂಟೆ ಕೇಳಿದ ಬಳಿಕವೂ ಕಿವಿ ದಣಿಯದಿದ್ದರೆ ಮಾತ್ರ ಆ ಆಯ್ಕೆ ಸರಿ.