ಟವೆಲ್ಲಿನ ಕೆಳಗಿನ ವ್ಯಾಪಾರ

ದೋಹಾದ ರಾಷ್ಟ್ರೀಯ ಮ್ಯೂಸಿಯಂ 2019ರಲ್ಲಿ ಬಾಗಿಲು ತೆರೆಯಿತು. ಆ ವರ್ಷವೇ ತಿಪಟೂರಿನಿಂದ ಬಂದಿದ್ದ ನಮ್ಮ ಭಾವನವರನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಬರೋಡಾದ ಗಾಯಕವಾಡ ಅರಸರು ಹತ್ತೊಂಬತ್ತನೇ ಶತಮಾನದಲ್ಲಿ ಮಾಡಿಸಿದ ಮುತ್ತಿನ ರತ್ನಗಂಬಳಿ ಅಲ್ಲಿದೆ. ಭಾವ ಅದರ ಮುಂದೆ ನಿಂತುಬಿಟ್ಟರು. ಮುತ್ತು ಈ ಕೊಲ್ಲಿಯದು, ಕೊಂಡವರು ನಮ್ಮ ದೇಶದವರು, ಈಗ ಗಂಬಳಿ ಮತ್ತೆ ಕೊಲ್ಲಿಗೇ ಬಂದು ಕೂತಿದೆ ಎಂದು ವಿವರಿಸಿದೆ. "ಅಲ್ಲಪ್ಪ, ಇಷ್ಟೊಂದು ಮುತ್ತಿನ ವ್ಯಾಪಾರ ಹೆಂಗೆ ಕುದುರಿಸ್ತಿದ್ರು? ಅವರ ಮಾತು ಇವರಿಗೆ ಬರ್ಬೇಕಲ್ಲ?" ಎಂದರು.

ಮಾತು ಬೇಕಾಗಿರಲಿಲ್ಲ. ದೋಣಿಯಿಂದ ದೋಣಿಗೆ ಹೋಗಿ ಮುತ್ತು ಕೊಳ್ಳುತ್ತಿದ್ದ ವ್ಯಾಪಾರಿಗಳನ್ನು ಇಲ್ಲಿ ತವ್ವಾಶ್ ಎನ್ನುತ್ತಿದ್ದರು. ಕೊಳ್ಳುವವನೂ ಮಾರುವವನೂ ಒಂದು ಬಟ್ಟೆಯ ಕೆಳಗೆ ಕೈ ಕೈ ಹಿಡಿದು, ಬೆರಳು ಒತ್ತಿ ಬೆಲೆ ಹೇಳಿಕೊಳ್ಳುತ್ತಿದ್ದರು. ಸುತ್ತ ನಿಂತವರಿಗೆ ದರ ಗೊತ್ತಾಗುತ್ತಿರಲಿಲ್ಲ. ಮುತ್ತಿನ ದೊಡ್ಡ ಪೇಟೆಯಾಗಿದ್ದ ಬೊಂಬಾಯಿಯಲ್ಲೂ ದಲ್ಲಾಳಿಗಳದು ಇದೇ ಪದ್ಧತಿ. ಭಾವ ನಕ್ಕುಬಿಟ್ಟರು. ಸಿದ್ಧಗಂಗೆ ಜಾತ್ರೆಯಲ್ಲಿ ಎತ್ತಿನ ದಲ್ಲಾಳಿಗಳು ಟವೆಲ್ಲಿನ ಕೆಳಗೆ ಬೆರಳು ಹಿಡಿಯುವುದನ್ನು ನಾವಿಬ್ಬರೂ ನೋಡಿ ಬೆಳೆದವರು. ಅಪ್ಪ ಒಂದು ಜೊತೆ ಹೋರಿ ಕೊಂಡಾಗ ಒಂದು ಮಾತೂ ಆಡಲಿಲ್ಲ, ತಲೆ ಮಾತ್ರ ಎರಡು ಸಲ ಅಡ್ಡ ಆಡಿಸಿದ್ದರು, ಮೂರನೆಯ ಸಲ ಆಡಿಸಲಿಲ್ಲ.

ಮ್ಯೂಸಿಯಂನಿಂದ ಹೊರಗೆ ಬರುವಾಗ, ನಾನು ಹುಟ್ಟುವುದು ನೂರು ವರ್ಷ ತಡವಾಯಿತು ಅನ್ನಿಸಿತು. ಯಾಕೆಂದರೆ ನನಗೆ ಫೋನಿನಲ್ಲಿ ವ್ಯವಹಾರ ಮಾಡುವುದು ಆಗದು. ಸಂಕೋಚವಲ್ಲ, ತೊದಲು. ಎದುರಿಗೆ ಮನುಷ್ಯ ಇದ್ದರೆ ನನ್ನ ತುಟಿ ನೋಡುತ್ತಾನೆ, ಕಾಯುತ್ತಾನೆ. ಫೋನಿನಲ್ಲಿ ನಾನು ಸಿಕ್ಕಿಕೊಂಡರೆ ಆ ಕಡೆಯವರಿಗೆ ಕೇಳುವುದು ಮೌನ ಮಾತ್ರ. "ಹಲೋ? ಹಲೋ?" ಎಂದು ಎರಡು ಸಲ ಕೂಗಿ ಇಟ್ಟುಬಿಡುತ್ತಾರೆ. ಸಾಲದ್ದಕ್ಕೆ ನನ್ನ ಹೆಸರು ಶುರುವಾಗುವುದು ಪಕಾರದಿಂದ. ನಾನು ಪ ಎನ್ನಲಾರದೆ ನಿಲ್ಲುತ್ತೇನೆ, ಕೇಳುವ ಅರಬ್ಬನ ಭಾಷೆಯಲ್ಲಿ ಪ ಅಕ್ಷರವೇ ಇಲ್ಲ! ಇಬ್ಬರೂ ಕಷ್ಟಪಟ್ಟು ಬಕಾರಕ್ಕೆ ಒಪ್ಪಂದ ಮಾಡಿಕೊಳ್ಳುತ್ತೇವೆ. ನನ್ನ ಇಲ್ಲಿಯ ಕಾಗದಪತ್ರಗಳಲ್ಲಿ ಅರಬ್ಬಿಯಲ್ಲಿ ಇರುವುದು ಆ ಬಕಾರದ ಹೆಸರೇ.

ಟೆಲಿಫೋನಿನ ಚರಿತ್ರೆ ಓದಿದಾಗ ನನಗೆ ಮೊದಲು ಸಮಾಧಾನ ಕೊಟ್ಟದ್ದು ಗ್ರಹಾಂ ಬೆಲ್ಲನ ಮನೆಯ ಸಂಗತಿ. 1876ರಲ್ಲಿ ಅವನಿಗೆ ಪೇಟೆಂಟ್ ಸಿಕ್ಕಿತು, ಮರುವರ್ಷ ಮೇಬಲ್ ಹಬಾರ್ಡಳನ್ನು ಮದುವೆಯಾದ. ಮೇಬಲ್‌ಗೆ ಎಳವೆಯಲ್ಲಿ ಬಂದ ಜ್ವರದಿಂದ ಕಿವಿ ಹೋಗಿತ್ತು. ಬೆಲ್ಲನ ತಾಯಿಗೂ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಲೋಕಕ್ಕೆ ಫೋನ್ ಕೊಟ್ಟವನ ಮನೆಯಲ್ಲೇ ಅದರಿಂದ ಉಪಯೋಗವಿಲ್ಲದ ಇಬ್ಬರಿದ್ದರು. ಕಿವುಡರು ಫೋನಿನ ತಂತಿಯಲ್ಲೇ ಅಕ್ಷರ ಕಳಿಸುವ ಉಪಾಯಕ್ಕೆ 1964ರವರೆಗೆ ಕಾಯಬೇಕಾಯಿತು. ಅದನ್ನು ಕಂಡುಹಿಡಿದ ರಾಬರ್ಟ್ ವೈಟ್‌ಬ್ರೆಕ್ಟ್ ಸ್ವತಃ ಕಿವುಡನಾಗಿದ್ದ ಭೌತವಿಜ್ಞಾನಿ. ಬೇಕಾದವನೇ ಮಾಡಿಕೊಳ್ಳಬೇಕಾಯಿತು.

ನಮ್ಮ ಊರಿನ ಕಡೆ ಫೋನ್ ಅಂದರೆ ಪೋಸ್ಟಾಫೀಸಿನಲ್ಲಿ ಮಾತ್ರ. ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯಬೇಕು, ಸಿಕ್ಕಿದ ಮೇಲೆ ಊರಿಗೆಲ್ಲ ಕೇಳುವ ಹಾಗೆ ಕೂಗಬೇಕು. ಬೆಂಗಳೂರಿನ ಐಟಿಐ ಕಾರ್ಖಾನೆ 1948ರಿಂದ ಫೋನಿನ ಉಪಕರಣ ಮಾಡುತ್ತಿದ್ದರೂ ನಮಗೆ ಅದು ಕಂಡದ್ದು ಸಿನಿಮಾದಲ್ಲೇ. 1986ರಲ್ಲಿ ಸಿ-ಡಾಟ್ ಸಂಸ್ಥೆಯ ಗ್ರಾಮೀಣ ಎಕ್ಸ್‌ಚೇಂಜ್ ಬೆಳಗಾವಿ ಜಿಲ್ಲೆಯ ಕಿತ್ತೂರಿಗೆ ಬಂತು. ಸ್ಯಾಮ್ ಪಿತ್ರೋಡಾ ಹೆಸರಿನೊಂದಿಗೆ ನೆನಪಿಡುವ ಆ ಕ್ರಾಂತಿ ಶುರುವಾದದ್ದು ಚೆನ್ನಮ್ಮನ ನೆಲದಲ್ಲಿ ಎಂದು ನಾವು ಈಗ ಹೆಮ್ಮೆಪಡಬಹುದು. ಆಗ ನನ್ನ ಹೆಮ್ಮೆ ಬೇರೆ ಇತ್ತು: ಎಸ್‌ಟಿಡಿ ಬೂತಿನ ಮುಂದಿನ ಸಾಲಿನಲ್ಲಿ ನಿಂತು, ನನ್ನ ಸರದಿ ಬಂದಾಗ ಹಿಂದಿನವನಿಗೆ ಬಿಟ್ಟುಕೊಡುತ್ತಿದ್ದೆ. ಒಳ್ಳೆಯ ಹುಡುಗ ಎಂಬ ಹೆಸರು ಬಂತು.

1995ರಲ್ಲಿ ದೋಹಾಕ್ಕೆ ಬಂದಾಗ ಸಿಕ್ಕ ಕೆಲಸ ಒಂದು ಕಾಂಟ್ರಾಕ್ಟಿಂಗ್ ಕಂಪನಿಯ ಖರೀದಿ ವಿಭಾಗದಲ್ಲಿ. ಬೆಳಗಿನಿಂದ ಸಂಜೆಯವರೆಗೆ ಅಂಗಡಿಗಳಿಗೆ ಫೋನ್ ಮಾಡಿ ದರ ಕೇಳುವುದೇ ಉದ್ಯೋಗ. ದೇವರಿಗೂ ತಮಾಷೆ ಬೇಕಲ್ಲ. ಆರನೆಯ ವಾರದಲ್ಲಿ ಎರಡಿಂಚಿನ ಗೇಟ್ ವಾಲ್ವ್ 15 ಬೇಕಿತ್ತು. ಮೂರು ಸಲ ಕಾಗದದ ಮೇಲೆ ಬರೆದು ಅಭ್ಯಾಸ ಮಾಡಿ ಫೋನ್ ಹಚ್ಚಿದೆ. "ಫಿಫ್ಟೀ" ಎಂದು ಸಿಕ್ಕಿಕೊಂಡೆ. ಕೊನೆಯ ನಕಾರ ಹೊರಬರುವಷ್ಟರಲ್ಲಿ ಆ ಕಡೆಯವರು "ಓಕೆ, ಫಿಫ್ಟಿ" ಎಂದು ಇಟ್ಟರು. ತಿದ್ದಬೇಕಾದರೆ ಮತ್ತೆ ಫೋನ್ ಮಾಡಬೇಕಿತ್ತು. ನಾನು ಮಾಡಲಿಲ್ಲ. ಇದನ್ನು ಇದುವರೆಗೆ ಯಾರಿಗೂ ಹೇಳಿಲ್ಲ, ಕೇಳಿಸಲಿಲ್ಲ ಎಂದೇ ಹೇಳಿಕೊಂಡು ಬಂದಿದ್ದೇನೆ. ಮಾರನೆಯ ದಿನ ಪಿಕಪ್‌ನಲ್ಲಿ 50 ವಾಲ್ವ್ ಬಂದವು. ಅಂಗಡಿಯವರದು ಏನೂ ತಪ್ಪಿಲ್ಲ. ಎರಡು ತಿಂಗಳು ನನ್ನ ಸಂಬಳದಲ್ಲಿ ಹಣ ಹಿಡಿದರು. ಮನೆಗೆ ಕಳಿಸುವ ಡ್ರಾಫ್ಟು ಸಣ್ಣದಾಯಿತು, ಅಮ್ಮನಿಗೆ ಬರೆದ ಕಾಗದದಲ್ಲಿ ಬೇರೆ ಕಾರಣ ಬರೆದೆ.

ಆ ಮೇಲೆ ಮ್ಯಾನೇಜರ್ ಎಲ್ಲವನ್ನೂ ಫ್ಯಾಕ್ಸಿನಲ್ಲೇ ಕಳಿಸು ಎಂದರು. ಶಿಕ್ಷೆ ಎಂದು ಹೇಳಿದ್ದು, ನನಗೆ ವರವಾಯಿತು. ಕೊಲ್ಲಿಯ ವ್ಯಾಪಾರದಲ್ಲಿ ಎಲ್‌ಪಿಒ ಎಂಬ ಖರೀದಿ ಚೀಟಿಗೆ, ಅದರ ಮೇಲಿನ ದುಂಡು ಮೊಹರಿಗೆ ಇರುವ ಬೆಲೆ ಬಾಯಿಮಾತಿಗೆ ಇಲ್ಲ. ಹೇಗೂ ಕೊನೆಗೆ ಬರೆಯಲೇಬೇಕು, ಮೊದಲೇ ಬರೆದರಾಯಿತು. ದರ ಕೇಳುವ ಚೀಟಿ ಫ್ಯಾಕ್ಸಿನಲ್ಲಿ ಹೋಗುತ್ತಿತ್ತು, ಉತ್ತರ ಸುರುಳಿ ಕಾಗದದಲ್ಲಿ ಬರುತ್ತಿತ್ತು. ಹೆಸರು ಗೊತ್ತಿಲ್ಲದ ಸಾಮಾನಾದರೆ ಮುರಿದ ಚೂರನ್ನೇ ಕೈಯಲ್ಲಿ ಹಿಡಿದು ಸನಾಯ್ಯಾಕ್ಕೆ, ಅಂದರೆ ಇಂಡಸ್ಟ್ರಿಯಲ್ ಏರಿಯಾಕ್ಕೆ, ಹೋಗುತ್ತಿದ್ದೆ. ಅಲ್ಲಿಯ ಬೀದಿಗಳಿಗೆ ಹೆಸರಿಲ್ಲ, ನಂಬರ್ ಮಾತ್ರ. ಕೌಂಟರಿನ ಮೇಲೆ ಚೂರು ಇಟ್ಟರೆ ಮಲಯಾಳಿಯೋ ಪಠಾಣನೋ ಒಮ್ಮೆ ತಿರುಗಿಸಿ ನೋಡಿ, ಒಳಗಿಂದ ಅದರ ಜೋಡಿ ತಂದಿಡುತ್ತಿದ್ದ. ಕ್ಯಾಲ್ಕುಲೇಟರಿನಲ್ಲಿ ದರ ಒತ್ತಿ ನನ್ನ ಕಡೆ ತಿರುಗಿಸುತ್ತಿದ್ದ. ನಾನು ಅಳಿಸಿ ನನ್ನ ದರ ಒತ್ತುತ್ತಿದ್ದೆ. ಇದು ಅದೇ ಟವೆಲ್ಲು ಎಂದು ಆಗ ಹೊಳೆದಿರಲಿಲ್ಲ.

ಬರವಣಿಗೆಯ ವ್ಯವಹಾರ ಇಲ್ಲಿ ಹೊಸದೂ ಅಲ್ಲ. ದುಖಾನಿನ ಎಣ್ಣೆ ಮೊದಲ ಬಾರಿ ಹಡಗು ಹತ್ತಿದ್ದು 1949ರ ಕೊನೆಯ ದಿನ. ಮರುವರ್ಷ ದೋಹಾದಲ್ಲಿ ಅಂಚೆ ಕಚೇರಿ ಬಂತು, ಬ್ರಿಟಿಷರದು. ಅಂಚೆಚೀಟಿ ಬ್ರಿಟನ್ನಿನದು, ಅದರ ಮೇಲೆ ಒತ್ತಿದ ಬೆಲೆ ಮಾತ್ರ ಆಣೆ-ರೂಪಾಯಿಯಲ್ಲಿ, ಯಾಕೆಂದರೆ ಇಲ್ಲಿ ನಡೆಯುತ್ತಿದ್ದ ನಾಣ್ಯ ನಮ್ಮದೇ. 1963ರಲ್ಲಿ ಅಂಚೆಯನ್ನು ಕತಾರ್ ತಾನೇ ವಹಿಸಿಕೊಂಡಿತು, 1966ರಲ್ಲಿ ರೂಪಾಯಿಯನ್ನೂ ಬಿಟ್ಟಿತು. ಆದರೆ ಮನೆ ಬಾಗಿಲಿಗೆ ಪೋಸ್ಟ್‌ಮ್ಯಾನ್ ಬರುವ ಪದ್ಧತಿ ಬೆಳೆಯಲಿಲ್ಲ. ಎಲ್ಲರದೂ ಕಂಪನಿಯ ಪಿ.ಒ. ಬಾಕ್ಸ್. ಸರ್ಕಾರಿ ಕಚೇರಿಗಳ ಸುತ್ತ ಟೈಪಿಂಗ್ ಸೆಂಟರುಗಳು ಎದ್ದವು. ನಮ್ಮ ತಾಲ್ಲೂಕು ಕಚೇರಿಯ ಮುಂದೆ ಮರದಡಿ ಅರ್ಜಿ ಬರೆಯುವವರ ಹಾಗೆಯೇ. ಪಾಸ್‌ಪೋರ್ಟ್ ಕೊಟ್ಟು ಸುಮ್ಮನೆ ಕೂತರೆ ಅರಬ್ಬಿಯ ಅರ್ಜಿ ತಯಾರು. ನನ್ನ ಹೆಸರು ಬಕಾರವಾದದ್ದು ಅಲ್ಲೇ.

ಇಲ್ಲಿಯ ಇನ್ನೊಂದು ಮೂಕಭಾಷೆ ಕಾರಿನ ಹಾರ್ನ್. ಕೆಫೆಟೇರಿಯಾದ ಮುಂದೆ ಗಾಡಿ ನಿಲ್ಲಿಸಿ ಒಂದು ಸಲ ಒತ್ತಿದರೆ ಹುಡುಗ ಓಡಿ ಬರುತ್ತಾನೆ, ಒಂದು ಬೆರಳು ತೋರಿಸಿದರೆ ಒಂದು ಕರಕ್ ಚಹಾ. ಫೋನಿಗೆ ಹೆದರುವವನಿಗೆ ಇದಕ್ಕಿಂತ ಸುಖವಿಲ್ಲ. ಆದರೂ ಆಗಸ್ಟ್ ಬಿಸಿಲಿನಲ್ಲಿ ಆ ಹುಡುಗ ಎಸಿ ಕಾರಿನ ಕಿಟಕಿ ಇಳಿಯುವವರೆಗೆ ನಿಂತು ಕಾಯುವುದನ್ನು ನೋಡಿದ ಮೇಲೆ ನಾನು ಇಳಿದೇ ಹೋಗುತ್ತೇನೆ. ನನ್ನ ಸುಖಕ್ಕೆ ಅವನ ಓಟದ ಬೆಲೆ ಆಗಬಾರದು.

ಎಲ್ಲಕ್ಕಿಂತ ಹೆಚ್ಚು ನನ್ನನ್ನು ಹಿಂಡಿದ್ದು ವಿಳಾಸ. ಬೀದಿ ನಂಬರ್ ಇದ್ದರೂ ಯಾರೂ ಹೇಳುತ್ತಿರಲಿಲ್ಲ. ದೋಹಾ ಎಂದರೆ ರೌಂಡಬೌಟುಗಳ ಊರು. "ರೇನ್‌ಬೋ ರೌಂಡಬೌಟ್ ದಾಟಿ", "ಟಿವಿ ರೌಂಡಬೌಟ್ ಹತ್ತಿರ", "ರಮಾಡಾ ಸಿಗ್ನಲ್‌ನಿಂದ ಬಲಕ್ಕೆ". ಸಾಮಾನು ತರುವ ಡ್ರೈವರ್ ದಾರಿ ತಪ್ಪಿ ಫೋನ್ ಮಾಡುವುದು, ನಾನು ಮಸೀದಿ, ಪೆಟ್ರೋಲ್ ಬಂಕ್, ಹಳದಿ ಗೋಡೆ ಎಂದು ತೊದಲುವುದು, ಅಷ್ಟರಲ್ಲಿ ಅವನು ಇನ್ನೊಂದು ಸಿಗ್ನಲ್ ದಾಟಿರುವುದು. ಒಮ್ಮೆ ಹೆಂಡತಿಯ ಔಷಧಿ ತಂದವನು ನನ್ನ ಮೌನ ಕೇಳಿ ವಾಪಸು ಹೋದ. ಆ ರಾತ್ರಿ ಅವಳು "ನೀವು ನನಗೆ ಫೋನ್ ಕೊಡಬಾರದಿತ್ತಾ" ಎಂದಷ್ಟೇ ಅಂದಳು. ನಿಧಾನವಾಗಿ ಕಟ್ಟಡಗಳಿಗೆ ನೀಲಿ ಫಲಕ ಬಂದವು: ವಲಯ, ಬೀದಿ, ಕಟ್ಟಡ, ಮೂರು ಸಂಖ್ಯೆ. 2017ರ 24ನೇ ಕಾನೂನು ರಾಷ್ಟ್ರೀಯ ವಿಳಾಸವನ್ನು ಕಡ್ಡಾಯ ಮಾಡಿತು, 2020ರ ಜುಲೈಯೊಳಗೆ ಎಲ್ಲರೂ ನೋಂದಾಯಿಸಬೇಕಾಯಿತು. ಜನ ದಂಡದ ಭಯಕ್ಕೆ ನೋಂದಾಯಿಸಿದರು. ನಾನು ಮೊದಲ ವಾರವೇ ಮಾಡಿದೆ. ಮೂರು ಸಂಖ್ಯೆ ಟೈಪ್ ಮಾಡಿದರೆ ಮನೆ ಸಿಗುತ್ತದೆ ಎನ್ನುವುದು ಎಂಥ ವಿಮೋಚನೆ ಎಂದು ನಿರರ್ಗಳವಾಗಿ ಮಾತಾಡುವವರಿಗೆ ಗೊತ್ತಾಗದು.

ಮೊಬೈಲಿನ ಕತೆ ಎಲ್ಲರಿಗೂ ಗೊತ್ತಿರುವುದೇ. 1987ರಲ್ಲಿ ಹುಟ್ಟಿದ ಕ್ಯೂಟೆಲ್, 2009ರಲ್ಲಿ ಅದಕ್ಕೆ ಪೈಪೋಟಿಯಾಗಿ ಬಂದ ವೊಡಾಫೋನ್, 2013ರಲ್ಲಿ ಕ್ಯೂಟೆಲ್ ಊರೀದು ಆದದ್ದು. 1992ರ ಡಿಸೆಂಬರ್ 3ರಂದು ಇಂಗ್ಲೆಂಡಿನಲ್ಲಿ ಹೋದ ಮೊದಲ ಎಸ್ಸೆಮ್ಮೆಸ್ ಕ್ರಿಸ್‌ಮಸ್ ಶುಭಾಶಯ. ಶುಭಾಶಯಕ್ಕೆ ಹುಟ್ಟಿದ್ದು ನನ್ನಂಥವರಿಗೆ ಅನ್ನ ಕೊಟ್ಟಿತು. ನಮ್ಮವರು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ ಅಕ್ಷರವೂ ಬೇಡ, ದುಡ್ಡೂ ಬೇಡ ಎಂದು ಮಿಸ್ಡ್ ಕಾಲ್ ಕಂಡುಕೊಂಡರು. "ತಲುಪಿದೆ" ಎಂಬುದಕ್ಕೆ ಒಂದು ರಿಂಗ್, "ನೀನೇ ಮಾಡು" ಎಂಬುದಕ್ಕೆ ಎರಡು. ಬೆಂಗಳೂರಿನಲ್ಲಿ 2010ರಲ್ಲಿ ಶುರುವಾದ ಜಿಪ್‌ಡಯಲ್ ಎಂಬ ಕಂಪನಿ ಇದನ್ನೇ ವ್ಯಾಪಾರ ಮಾಡಿತು. ಜಾಹೀರಾತಿನ ನಂಬರಿಗೆ ಮಿಸ್ಡ್ ಕಾಲ್ ಕೊಟ್ಟರೆ ಮಾಹಿತಿ ತಾನೇ ಬರುತ್ತದೆ, ಗಿರಾಕಿ ಬಾಯಿ ತೆರೆಯಬೇಕಿಲ್ಲ. 2015ರಲ್ಲಿ ಟ್ವಿಟರ್ ಅದನ್ನು ಕೊಂಡಿತು. ಬಡತನದ ಜಾಣತನಕ್ಕೆ ಅಷ್ಟು ಬೆಲೆ ಬಂದದ್ದು ಓದಿ ನನಗೆ ಸ್ವಂತ ತಮ್ಮನಿಗೆ ಬಹುಮಾನ ಬಂದಷ್ಟು ಖುಷಿಯಾಯಿತು.

ಆದರೆ ಈ ಅಕ್ಷರರಾಜ್ಯ ಎಲ್ಲರ ಪಾಲಿಗೂ ಸ್ವರ್ಗವಲ್ಲ ಎಂದು ತಿಳಿದದ್ದು ಬಾದಾಮಿ ಕಡೆಯ ಒಬ್ಬ ಮೇಸ್ತ್ರಿಯಿಂದ. ನಮ್ಮ ಸೈಟಿನಲ್ಲೇ ಗಾರೆ ಕೆಲಸ, ಇಪ್ಪತ್ತು ವರ್ಷದ ಅನುಭವ. ಓದು ಮೂರನೇ ಕ್ಲಾಸು. ಬಾಯಿ ಮಾತ್ರ ಬಂಗಾರ: ಹಿಂದಿ, ಮಲಯಾಳ, ಕೆಲಸಕ್ಕೆ ಬೇಕಾದಷ್ಟು ಅರಬ್ಬಿ. ಫೋನ್ ಎತ್ತಿದರೆ ಅಪರಿಚಿತನನ್ನೂ ಅಣ್ಣ ಎನ್ನಿಸಿಕೊಳ್ಳುವ ಮನುಷ್ಯ. ಹಣ ಕಳಿಸುವ ಎಕ್ಸ್‌ಚೇಂಜ್‌ಗಳು ಆ್ಯಪ್‌ಗೆ ಹೋದ ಮೇಲೆ, ಸರ್ಕಾರಿ ಕೆಲಸ ಮೆಟ್ರಾಶ್‌ಗೆ ಹೋದ ಮೇಲೆ, ಅವನಿಗೆ ನಾಲಿಗೆ ಕಿತ್ತಂತಾಯಿತು. ನಾನು ಫೋನಿನ ಮುಂದೆ ಎಷ್ಟು ಬೆವರುತ್ತಿದ್ದೆನೋ ಅವನು ಆ ಸಣ್ಣ ಚೌಕಗಳ ಮುಂದೆ ಅಷ್ಟೇ ಬೆವರುತ್ತಿದ್ದ. ವಾಟ್ಸಾಪಿನಲ್ಲಿ ದನಿ ಕಳಿಸಬಹುದು ಎಂದು ಗೊತ್ತಾದಾಗ ಅವನು ಮೊದಲು ಕಳಿಸಿದ್ದು ನನಗೆ. ಎರಡು ನಿಮಿಷ ಬರೀ ಊರಿನ ಮಳೆಯ ಸುದ್ದಿ.

ಅಲ್ಲಿಂದ ನಮ್ಮದು ಒಂದು ಒಪ್ಪಂದ. ಶುಕ್ರವಾರ ಬೆಳಿಗ್ಗೆ ಅವನು ಮನೆಗೆ ಬರುತ್ತಾನೆ, ಉಪ್ಪಿಟ್ಟು ತಿನ್ನುತ್ತಾನೆ. ಅವನ ಮಗಳ ಕಾಲೇಜಿನ ಫೀಸು, ಐಡಿ ನವೀಕರಣ, ಟಿಕೆಟ್ಟು, ಎಲ್ಲವನ್ನೂ ನಾನು ಟೈಪ್ ಮಾಡುತ್ತೇನೆ. ವಾರದಿಂದ ನಾನು ಮುಂದೂಡಿದ ಫೋನುಗಳನ್ನೆಲ್ಲ ಅವನು ಮಾಡುತ್ತಾನೆ. ಮೊನ್ನೆ ಕಾರಿನ ಎಸಿ ಕೆಟ್ಟಿತ್ತು. ಗ್ಯಾರೇಜಿನವನು 300 ರಿಯಾಲ್ ಎಂದು ಬರೆದು ಕಳಿಸಿದ್ದ, ನಾನು ಸರಿ ಎಂದು ಬರೆಯುವುದರಲ್ಲಿದ್ದೆ. ಮೇಸ್ತ್ರಿ ನನ್ನ ಕೈಯಿಂದ ಫೋನ್ ಕಿತ್ತುಕೊಂಡು, ಬಾಲ್ಕನಿಗೆ ಹೋಗಿ, ಬಾದಾಮಿಯ ಹಿಂದಿಯಲ್ಲಿ ಹತ್ತು ನಿಮಿಷ ಕೂಗಾಡಿ, ನಕ್ಕು, ಅವನ ಊರು ವಿಚಾರಿಸಿ, 220ಕ್ಕೆ ಇಳಿಸಿ ಒಳಗೆ ಬಂದ.

"ಆತರಿ ಸರ, ಇನ್ನ ಯಾರಿಗ್ ಹಚ್ಚೂದೈತಿ ಹೇಳ್ರಿ. ನನ್ನ ಫಾರಂ ತುಂಬೂದು ಮುಗೀತೇನ್?"

ಮುಗಿದಿರಲಿಲ್ಲ. ಅವನ ಹೆಸರನ್ನು ಅದು ಎರಡನೆಯ ಸಲ ತಿರಸ್ಕರಿಸಿತ್ತು. ಪಾಸ್‌ಪೋರ್ಟಿನಲ್ಲಿ ಒಂದು ಅಕ್ಷರ ಹೆಚ್ಚಿತ್ತು.